ಭತ್ತದ ಮಡಿ ಹಳದಿ ಬಿದ್ದರೆ ಮೊದಲು ಬೇರು ನೋಡಿ

ಪುಷ್ಯ ಮಳೆ ಹಿಡಿದು ಎಂಟು ದಿನವಾಗಿತ್ತು. ಖಾನಾಪುರದ ಕಡೆ ಆ ಮಳೆ ಹಿಡಿದರೆ ಬಿಡುವ ಮಾತಿಲ್ಲ. ನಾಟಿ ಮಾಡಿ ಮೂರು ವಾರವಾಗಿದ್ದ ನಮ್ಮ ಕೆಳಗಿನ ಮಡಿಯ ಒಂದು ಮೂಲೆ ಹಳದಿಗೆ ತಿರುಗಿತು. ಯೂರಿಯಾ ಚೆಲ್ಲಿದೆ. ಹತ್ತು ದಿನ ಬಿಟ್ಟು ಮತ್ತೊಮ್ಮೆ ಚೆಲ್ಲಿದೆ. ಹಳದಿ ಹೋಗಲಿಲ್ಲ, ಅದರ ಮೇಲೆ ಕಂದು ಬಂತು. ಪಕ್ಕದ ಗದ್ದೆಯ ಕಾಕಾ ಬದುವಿನ ಮೇಲೆ ನಿಂತು ನೋಡಿ, "ತಮ್ಮಾ, ಬರೇ ಎಲಿ ನೋಡಿ ಗೊಬ್ಬರಾ ಒಗದ್ರ ಹ್ಯಾಂಗ? ಒಂದ ಬುಡಾ ಅಗದು ಬೇರ ನೋಡಿಯೇನ?" ಎಂದರು. ನೋಡಿರಲಿಲ್ಲ. ಅವರೇ ಸಲಿಕೆ ತಗೊಂಡು ಇಳಿದು ಒಂದು ಬುಡ ಎತ್ತಿದರು. ಬೇರು ಕಾಡಿಗೆಯಂತೆ ಕಪ್ಪಗಿತ್ತು, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆಯಿತು. ಗಿಡಕ್ಕೆ ಹಸಿವಾಗಿರಲಿಲ್ಲ, ಉಸಿರು ಕಟ್ಟಿತ್ತು. ಊಟ ಹಾಕಿದರೆ ಏನು ಪ್ರಯೋಜನ?

ಎಲೆಯ ಮೇಲೆ ಹತ್ತು ಕಾಯಿಲೆ ಒಂದೇ ತರಹ ಕಾಣುತ್ತವೆ. ಬೇರಿನಲ್ಲಿ ಅವು ಬೇರೆ ಬೇರೆಯಾಗಿ ಕಾಣುತ್ತವೆ. ಕೆಲವು ದೋಷ ನೀರು-ಮಣ್ಣಿನದು, ಈ ವಾರವೇ ಸರಿಯಾಗುತ್ತದೆ. ಕೆಲವು ಹುಳು-ರೋಗದ್ದು. ಇನ್ನು ಕೆಲವು ಬೀಜದೊಳಗೇ ಬರೆದಿಟ್ಟದ್ದು. ಅವಕ್ಕೆ ಈ ಹಂಗಾಮಿನಲ್ಲಿ ಏನು ಚೆಲ್ಲಿದರೂ ದುಡ್ಡು ದಂಡ, ಮುಂದಿನ ಸಲ ತಳಿ ಬದಲಿಸಬೇಕು ಅಷ್ಟೆ. ಈ ಮೂರನ್ನು ಬೇರ್ಪಡಿಸಿಕೊಳ್ಳುವುದೇ ಇಲ್ಲಿಯ ಕೆಲಸ.

ಗದ್ದೆಗೆ ಇಳಿಯುವ ಮುಂಚೆ

ಪಂಪ್‌ಸೆಟ್ ಬಂದ್ ಮಾಡಿ. ಒದ್ದೆ ಕೈಯಿಂದ ಸ್ಟಾರ್ಟರ್ ಮುಟ್ಟಬೇಡಿ. ಬದುವಿನ ಹುಲ್ಲಿನಲ್ಲಿ ಹಾವಿರುತ್ತದೆ, ಕೋಲಿನಿಂದ ಬಡಿದು ಸದ್ದು ಮಾಡುತ್ತ ನಡೆಯಿರಿ. ಕಾಲಿನಲ್ಲಿ ಗಾಯವಿದ್ದರೆ ಗಮ್ ಬೂಟು ಇಲ್ಲದೆ ಕೆಸರಿಗೆ ಇಳಿಯಬೇಡಿ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿ ಜ್ವರ ಬರುತ್ತದೆ. ಗದ್ದೆ ಕೆಲಸ ಮಾಡಿದ ಒಂದೆರಡು ವಾರದಲ್ಲಿ ಜೋರು ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಗಾಗುವುದು ಕಂಡರೆ ಡಾಕ್ಟರ ಬಳಿ ಹೋಗಿ, "ಕೆಸರಿನಲ್ಲಿ ಕೆಲಸ ಮಾಡಿದ್ದೆ" ಎಂದು ಮರೆಯದೆ ಹೇಳಿ. ಎರಡು ಮೂರು ದಿನದ ಹಿಂದೆ ಔಷಧಿ ಹೊಡೆದ ಮಡಿಯಾದರೆ ಬರಿಗೈಯಿಂದ ಮಣ್ಣು ಕಲಕಬೇಡಿ.

ಬೇರು ಎತ್ತುವ ಬಗೆ

ಗಿಡವನ್ನು ಜಗ್ಗಿ ಕೀಳಬೇಡಿ. ಜಗ್ಗಿದರೆ ಸಣ್ಣ ಬೇರೆಲ್ಲ ಮಣ್ಣಿನಲ್ಲೇ ಉಳಿದು, ಕೈಗೆ ಬಂದದ್ದು ಸುಳ್ಳು ಹೇಳುತ್ತದೆ. ಬುಡದ ಸುತ್ತ ಒಂದು ಗೇಣು ಬಿಟ್ಟು ನಾಲ್ಕೂ ಕಡೆ ಸಲಿಕೆ ಇಳಿಸಿ, ಮಣ್ಣಿನ ಹೆಂಟೆ ಸಮೇತ ಎತ್ತಿ. ಮೂರು ಬುಡ ಬೇಕು: ಚೆನ್ನಾಗಿರುವ ಜಾಗದಿಂದ ಒಂದು, ಕೆಟ್ಟ ಜಾಗದ ನಡುವಿನಿಂದ ಒಂದು, ಎರಡರ ಅಂಚಿನಿಂದ ಒಂದು. ಅಂಚಿನದ್ದೇ ಹೆಚ್ಚು ಹೇಳುತ್ತದೆ, ಯಾಕೆಂದರೆ ಅಲ್ಲಿ ದೋಷ ಈಗಷ್ಟೇ ಶುರುವಾಗಿರುತ್ತದೆ.

ಎತ್ತಿದ ಕೂಡಲೇ ಮೂಸಿ ನೋಡಿ, ತೊಳೆದ ಮೇಲೆ ವಾಸನೆ ಇರುವುದಿಲ್ಲ. ಬಕೇಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕೈಯಾಡಿಸಿ ಮಣ್ಣು ಬಿಡಿಸಿ, ಸ್ಟೀಲ್ ಪರಾತದಲ್ಲಿ ತುಸು ನೀರು ಹಾಕಿ ಬೇರು ಹರಡಿ. ಮೂರನ್ನೂ ಸಾಲಾಗಿ ಇಟ್ಟರೆ ಅರ್ಧ ಉತ್ತರ ಸಿಕ್ಕ ಹಾಗೆಯೇ.

ಚೆನ್ನಾಗಿರುವ ಬೇರು ಹೇಗಿರುತ್ತದೆ ಎಂದು ಮೊದಲೇ ತಿಳಿದಿರಬೇಕು. ಮೊಳಕೆಯಲ್ಲಿ ಬರುವುದು ಒಂದೇ ತಾಯಿಬೇರು, ಅದರ ಹಿಂದೆಯೇ ಮೊದಲ ಗೆಣ್ಣಿನಿಂದ ಸಾಮಾನ್ಯವಾಗಿ ಐದು ಬೇರು. ತಾಯಿಬೇರು ಕೆಲವು ವಾರಗಳಲ್ಲಿ ಒಣಗುವುದು ಸಹಜ, ಅದನ್ನು ಕಂಡು ಗಾಬರಿಯಾಗಬೇಡಿ. ನಂತರ ಗಿಡ ಬದುಕುವುದೆಲ್ಲ ಕಾಂಡದ ಕೆಳಗೆಣ್ಣುಗಳಿಂದ ಉಂಗುರ ಉಂಗುರವಾಗಿ ಹೊರಡುವ ಗೆಣ್ಣುಬೇರುಗಳ ಮೇಲೆ. ಹೊಸ ತೆಂಡೆ (ಬುಡದಿಂದ ಒಡೆಯುವ ಮರಿಕಾಂಡ) ಒಡೆದ ಹಾಗೆ ಹೊಸ ಬೇರೂ ಒಡೆಯುತ್ತದೆ. ಈ ಗೆಣ್ಣುಬೇರು ಹುಟ್ಟುವುದಕ್ಕೇ ಒಂದು ವಂಶವಾಹಿ ಇದೆ, ಹೆಸರು ಸಿಆರ್‌ಎಲ್1. ಅದು ಕೆಟ್ಟ ಭತ್ತದ ಗಿಡದಲ್ಲಿ ತಾಯಿಬೇರು ಬರುತ್ತದೆ, ಗೆಣ್ಣುಬೇರು ಬರುವುದೇ ಇಲ್ಲ. 2005ರಲ್ಲಿ ಇದು ಪತ್ತೆಯಾಯಿತು. ಆಕ್ಸಿನ್ ಎಂಬ ಬೆಳವಣಿಗೆಯ ರಸ ಗೆಣ್ಣಿನಲ್ಲಿ ಸೇರಿದಾಗ ಈ ವಂಶವಾಹಿ ಎಚ್ಚೆತ್ತು, ಅಲ್ಲಿಯ ಕೋಶಗಳಿಗೆ ಬೇರಾಗಲು ಹೇಳುತ್ತದೆ. ಹೀಗೆ ಹುಟ್ಟಿದ ಬೇರನ್ನು ಹೊರಗೆ ತಂದು ಬೆಳೆಸುವುದರಲ್ಲಿ ಡಬ್ಲ್ಯುಒಎಕ್ಸ್11 ಎಂಬ ಮತ್ತೊಂದರ ಕೈವಾಡವಿದೆ.

ಗೆಣ್ಣುಬೇರಿನ ಮೈಮೇಲೆ ಎರಡು ಬಗೆಯ ಕವಲುಬೇರು ಕಾಣುತ್ತವೆ. ಒಂದು ಉದ್ದವಾಗಿ ದಪ್ಪಗಿದ್ದು ತಾನೂ ಕವಲೊಡೆಯುತ್ತದೆ. ಇನ್ನೊಂದು ಕೂದಲಿನಷ್ಟು ಸಣ್ಣದು, ಗಿಡ್ಡ, ಕವಲೊಡೆಯುವುದಿಲ್ಲ. ನೀರು, ಆಹಾರ ಹೀರುವ ಕೆಲಸದಲ್ಲಿ ಈ ಸಣ್ಣವುಗಳ ಪಾಲು ಬಹಳ. ಜಗ್ಗಿ ಕಿತ್ತಾಗ ನಾವು ಕಳೆದುಕೊಳ್ಳುವುದು ಇವನ್ನೇ.

ಬಣ್ಣ: ತುದಿ ಬೆಳ್ಳಗೆ, ಹಳೆಯ ಭಾಗ ತುಕ್ಕಿನ ಬಣ್ಣ. ತುಕ್ಕಿನ ಬಣ್ಣ ರೋಗವಲ್ಲ, ಆರೋಗ್ಯದ ಗುರುತು. ನಿಂತ ನೀರಿನ ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಭತ್ತ ತನ್ನ ಗಾಳಿಯನ್ನು ಎಲೆಯಿಂದ ಬೇರಿಗೆ ತಾನೇ ಇಳಿಸಿಕೊಳ್ಳುತ್ತದೆ. ದಪ್ಪ ಹಳೆಯ ಬೇರೊಂದನ್ನು ಬ್ಲೇಡಿನಿಂದ ಅಡ್ಡ ಕೊಯ್ದು ಭೂತಗನ್ನಡಿಯಲ್ಲಿ ಬೆಳಕಿಗೆ ಹಿಡಿಯಿರಿ: ಸೈಕಲ್ ಚಕ್ರದ ಕಡ್ಡಿಗಳ ನಡುವಿನ ಹಾಗೆ ಖಾಲಿ ಜಾಗ ಕಾಣುತ್ತದೆ. ಒಳಗಿನ ಕೋಶಗಳು ತಾವಾಗಿ ಸತ್ತು ಗಾಳಿಗೆ ದಾರಿ ಬಿಟ್ಟ ಜಾಗ ಅದು. ನೀರು ನಿಂತಾಗ ಬೇರಿನಲ್ಲಿ ಸೇರಿಕೊಳ್ಳುವ ಎಥಿಲೀನ್ ಎಂಬ ಅನಿಲ ಈ ಕೆಲಸವನ್ನು ಇನ್ನೂ ಚುರುಕು ಮಾಡುತ್ತದೆ. ಗಾಳಿ ದಾರಿಯಲ್ಲೇ ಸೋರಿ ಹೋಗದಂತೆ ಬೇರಿನ ಹೊರಪದರಕ್ಕೆ ಬೆಂಡಿನಂಥ ಲೇಪವನ್ನೂ ಗಿಡ ಹಚ್ಚಿಕೊಳ್ಳುತ್ತದೆ, ತುದಿಯ ಹತ್ತಿರ ಮಾತ್ರ ಬಿಡುತ್ತದೆ. ಅಲ್ಲಿಂದ ಹೊರಬಿದ್ದ ಆಮ್ಲಜನಕ ಕೆಸರಿನಲ್ಲಿ ಕರಗಿದ ಕಬ್ಬಿಣಕ್ಕೆ ತಾಗಿ ತುಕ್ಕಾಗಿ ಕೂರುತ್ತದೆ. ಅಂದರೆ ತೆಳು ತುಕ್ಕು ಕಂಡರೆ ಬೇರು ಉಸಿರಾಡುತ್ತಿದೆ ಎಂದರ್ಥ. ಈ ಒಂದು ವಿಷಯ ಗೊತ್ತಿದ್ದರೆ ಮುಂದಿನ ಎರಡು ಲಕ್ಷಣ ಸುಲಭವಾಗುತ್ತವೆ.

ಬೇರು ಕಪ್ಪು, ಕೊಳೆತ ಮೊಟ್ಟೆಯ ವಾಸನೆ

ಗಾಳಿಯಿಲ್ಲದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಗಂಧಕವನ್ನು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿಸುತ್ತವೆ. ವಾಸನೆ ಅದರದು. ಅದು ಕಬ್ಬಿಣದ ಜತೆ ಸೇರಿ ಕಪ್ಪು ಲೇಪವಾಗುತ್ತದೆ. ಬೇರು ತನ್ನ ಸುತ್ತ ಆಮ್ಲಜನಕ ಬಿಡುವ ಶಕ್ತಿ ಕಳೆದುಕೊಂಡಿದೆ ಎಂಬುದಕ್ಕೆ ಇದೇ ಗುರುತು.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಕಪ್ಪು ಬೇರನ್ನು ಗಾಳಿಗೆ ಹರಡಿ ಇಡಿ. ಕಪ್ಪು ಮೆಲ್ಲಗೆ ಕಂದಾದರೆ ಅದು ಗಂಧಕದ ಲೇಪ, ಬೇರು ಇನ್ನೂ ಬದುಕಿರಬಹುದು. ಆಮೇಲೆ ಬೆರಳಿನಲ್ಲಿ ಹಿಸುಕಿ: ಗಟ್ಟಿಯಾಗಿ ತಡೆದರೆ ಜೀವ ಇದೆ. ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಉಳಿದರೆ ಆ ಬೇರು ಸತ್ತಿದೆ. ಗೆಣ್ಣಿನ ಬಳಿ ಹೊಸ ಬಿಳಿ ಮೊಗ್ಗುಗಳು ಎಷ್ಟಿವೆ ಎಣಿಸಿ. ಅವು ಇದ್ದರೆ ಗಿಡ ಎದ್ದು ಬರುತ್ತದೆ.

ಉಪಾಯ ನೀರು ಹೊರಬಿಡುವುದು. ಬದುವಿನ ಬಾಯಿ ಒಡೆದು ನೀರು ಹೊರಹಾಕಿ, ನೆಲದ ಮೇಲೆ ಕೂದಲೆಳೆಯ ಬಿರುಕು ಬರುವವರೆಗೆ ಬಿಡಿ, ಸಾಮಾನ್ಯವಾಗಿ 3ರಿಂದ 5 ದಿನ. ಎರೆ ಭೂಮಿಯಲ್ಲಿ ಅದಕ್ಕಿಂತ ಹೆಚ್ಚು ಒಣಗಿಸಬೇಡಿ: ದೊಡ್ಡ ಬಿರುಕು ಬಿದ್ದರೆ ಬೇರು ಹರಿಯುತ್ತದೆ, ನೀರು ಮತ್ತೆ ನಿಲ್ಲುವುದಿಲ್ಲ. ಹೊಡೆ ತುಂಬುವ (ಕಾಂಡದೊಳಗೆ ತೆನೆ ಬಲಿಯುವ) ಮತ್ತು ಹೂ ಬಿಡುವ ಹೊತ್ತಿನಲ್ಲಿ ಹೀಗೆ ಒಣಗಿಸುವುದು ಬೇಡ. ಬೇರು ಚೇತರಿಸುವವರೆಗೆ ಯೂರಿಯಾ ಹಾಕಬೇಡಿ, ಅಮೋನಿಯಂ ಸಲ್ಫೇಟ್ ಅಂತೂ ಬೇಡವೇ ಬೇಡ, ಅದರಲ್ಲಿ ಗಂಧಕವಿದೆ. ನಮ್ಮ ಮೂಲೆಗೆ ಇದು ಬಂದದ್ದು ನಾಟಿಗೆ ಮುಂಚಿನ ವಾರ ಸೇರಿಸಿದ್ದ ಅರೆಕೊಳೆತ ಸಗಣಿ ಗೊಬ್ಬರ ಮತ್ತು ಹಸಿ ಸೊಪ್ಪಿನಿಂದ. ಪೂರ್ತಿ ಕಳಿತ ಗೊಬ್ಬರ ಹಾಕಿ, ಸೊಪ್ಪನ್ನು ನಾಟಿಗೆ ಎರಡು ಮೂರು ವಾರ ಮುಂಚೆ ತುಳಿಸಿದ್ದರೆ ಹೀಗಾಗುತ್ತಿರಲಿಲ್ಲ.

ಮಳೆ ನಿಲ್ಲದಿದ್ದರೆ ನೀರು ಹೇಗೆ ಹೊರಬಿಡುವುದು? ಕೆಟ್ಟ ಮೂಲೆಯ ಸುತ್ತ ಗುದ್ದಲಿಯಿಂದ ಒಂದು ಗೇಣು ಆಳದ ಕಾಲುವೆ ತೆಗೆದು ಕೆಳಮಡಿಗೆ ಹರಿಸಿ. ಪೂರ್ತಿ ಒಣಗದಿದ್ದರೂ ನೀರು ಹರಿದಾಡಿದರೆ ಸಾಕಷ್ಟು ಗಾಳಿ ಸಿಗುತ್ತದೆ. ನಮ್ಮಲ್ಲಿ ಅದಷ್ಟರಿಂದಲೇ ಹನ್ನೆರಡನೆಯ ದಿನಕ್ಕೆ ಬಿಳಿ ಬೇರು ಕಂಡವು.

ಬೇರಿಗೆ ದಪ್ಪ ಕಂದು ಲೇಪ, ಎಲೆಗೆ ಕಂದು ಚುಕ್ಕೆ

ಇಲ್ಲಿ ಎರಡು ಕಾಯಿಲೆ ಒಂದರ ವೇಷದಲ್ಲಿ ಇನ್ನೊಂದು ಬರುತ್ತವೆ: ಕಬ್ಬಿಣ ಹೆಚ್ಚಾಗುವುದು, ಸತು ಕಡಿಮೆಯಾಗುವುದು. ತಪ್ಪು ತಿಳಿದರೆ ಚಿಕಿತ್ಸೆಯೂ ತಪ್ಪುತ್ತದೆ.

ಮೊದಲು ಮಣ್ಣು ನೋಡಿ. ಜಂಬಿಟ್ಟಿಗೆ ಗುಡ್ಡದ ಕೆಳಗಿನ ಹುಳಿ ಮಣ್ಣಿನ ತಗ್ಗು ಮಡಿ, ಮೇಲಿನಿಂದ ಜೌಗು ನೀರು ಒಸರುತ್ತದೆ, ನಿಂತ ನೀರಿನ ಮೇಲೆ ಎಣ್ಣೆಯಂಥ ಬಣ್ಣದ ಪೊರೆ ಇದೆ. ಹೀಗಿದ್ದರೆ ಕಬ್ಬಿಣದ ವಿಷದ ಮೇಲೆ ಅನುಮಾನ ಪಡಿ. ಆ ಪೊರೆಯನ್ನು ಕಡ್ಡಿಯಿಂದ ಮುಟ್ಟಿ: ಎಣ್ಣೆಯಾದರೆ ಕೂಡಿಕೊಳ್ಳುತ್ತದೆ, ಕಬ್ಬಿಣದ್ದಾದರೆ ತುಂಡು ತುಂಡಾಗಿ ಒಡೆಯುತ್ತದೆ. ಎಲೆಯಲ್ಲಿ ಚುಕ್ಕೆ ಕೆಳಗಿನ ಎಲೆಯ ತುದಿಯಿಂದ ಶುರುವಾಗಿ ಬುಡದ ಕಡೆ ಇಳಿಯುತ್ತದೆ, ಕೊನೆಗೆ ಎಲೆಯೆಲ್ಲ ಕಂಚಿನ ಬಣ್ಣ. ಬೇರಿನ ಲೇಪ ತೆಳು ತುಕ್ಕಲ್ಲ, ಉಗುರಿನಿಂದ ಕೆರೆದರೆ ಏಳುವಷ್ಟು ದಪ್ಪ, ಬಣ್ಣ ಗಾಢ. ಉಪಾಯ ಅದೇ: ಮೇಲಿನ ಒಸರನ್ನು ಬದುವಿನ ಗುಂಟ ಕಾಲುವೆ ತೆಗೆದು ತಪ್ಪಿಸಿ, ನೀರು ಹೊರಬಿಟ್ಟು ಗಾಳಿ ಆಡಿಸಿ. ಪೊಟ್ಯಾಷ್ ಕಡಿಮೆಯಿದ್ದ ಗಿಡದ ಬೇರಿಗೆ ಕಬ್ಬಿಣವನ್ನು ಹೊರಗೇ ತಡೆಯುವ ಶಕ್ತಿ ಕುಗ್ಗುತ್ತದೆ, ಹಾಗಾಗಿ ಪೊಟ್ಯಾಷ್ ತಪ್ಪಿಸಬೇಡಿ. ಸುಣ್ಣ ಹಾಕುವುದು ಮಣ್ಣು ಪರೀಕ್ಷೆಯ ನಂತರ, ಬೇಸಿಗೆಯಲ್ಲಿ.

ಇನ್ನು ಸುಣ್ಣಕಲ್ಲಿನ ಅಂಶವಿರುವ ಕ್ಷಾರದ ಎರೆ ಮಣ್ಣು, ನಾಟಿಯಾಗಿ 2ರಿಂದ 4 ವಾರ, ಗಿಡ ಗಿಡ್ಡ, ಎಲೆ ಮೇಲೆ ಧೂಳು ಚೆಲ್ಲಿದಂಥ ಕಂದು ಚುಕ್ಕೆ, ಎಳೆ ಎಲೆಯ ಬುಡದಲ್ಲಿ ನಡುನರ ಬಿಳಚಿದೆ. ಇದು ಸತುವಿನ ಕೊರತೆ. ಇದನ್ನು ಬಹಳ ಕಾಲ ರೋಗವೆಂದೇ ನಂಬಿದ್ದರು. ಖೈರಾ ಎಂದು ಕರೆಯುತ್ತಿದ್ದ ಈ ಬಾಧೆ ಸತುವಿನ ಕೊರತೆ ಎಂದು 1966ರಲ್ಲಿ ತೋರಿಸಿದವರು ಪಂತನಗರದ ವಿಜ್ಞಾನಿ ವೈ. ಎಲ್. ನೆನೆ. ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಸೋಸಿದ ಸುಣ್ಣದ ತಿಳಿ ಸೇರಿಸಿ ಸಿಂಪಡಿಸಿ, ಹತ್ತು ದಿನಕ್ಕೆ ಮತ್ತೊಮ್ಮೆ. ಮುಂದಿನ ವರ್ಷ ನಾಟಿಗೆ ಮುಂಚೆ ಎಕರೆಗೆ 8ರಿಂದ 10 ಕೆಜಿ ಮಣ್ಣಿಗೇ ಕೊಡಿ, ಡಿಎಪಿ ಜತೆ ಬೆರೆಸದೆ. ಬೆರೆಸಿದರೆ ಡಿಎಪಿಯಲ್ಲಿನ ರಂಜಕ ಸತುವನ್ನು ಕಟ್ಟಿಹಾಕುತ್ತದೆ.

ಎರಡೂ ಅಲ್ಲ, ಎರಡೂ ಹೌದು ಅನಿಸಿದರೆ ಒಂದು ಗುಂಟೆಯಷ್ಟು ಜಾಗಕ್ಕೆ ಮಾತ್ರ ಸತು ಸಿಂಪಡಿಸಿ ವಾರ ಕಾಯಿರಿ. ಹೊಸ ಎಲೆ ಹಸಿರಾಗಿ ಬಂದರೆ ಉತ್ತರ ಸಿಕ್ಕಿತು. ನೂರು ರೂಪಾಯಿಯೊಳಗಿನ ಪರೀಕ್ಷೆ ಇದು.

ಕೂರಿಗೆ ಭತ್ತದಲ್ಲಿ ಹೊಸ ಎಲೆ ಬಿಳಿಚಿಕೊಂಡಿದೆ, ಬೇರು ಬೆಳ್ಳಗೇ ಇದೆ

ರೋಹಿಣಿ ಮಳೆಗೆ ಕೂರಿಗೆಯಿಂದ ಬಿತ್ತಿ, ಮಳೆ ಕೈಕೊಟ್ಟಾಗ ಇದು ಕಾಣುತ್ತದೆ. ಹಳೆ ಎಲೆ ಹಸಿರು, ಹೊಸ ಎಲೆ ನರ ಬಿಟ್ಟು ಹಳದಿ, ಆಮೇಲೆ ಪೂರ್ತಿ ಬಿಳುಪು. ಇದು ಕಬ್ಬಿಣದ ಕೊರತೆ. ಯೂರಿಯಾ ಕೊರತೆಯಾದರೆ ಹಳೆ ಎಲೆ ಮೊದಲು ಹಳದಿಯಾಗುತ್ತದೆ. ಈ ವ್ಯತ್ಯಾಸ ನೋಡಲು ಕನ್ನಡಕ ಸಾಕು.

ಕೆಸರಿನಲ್ಲಿ ಕಬ್ಬಿಣ ಕರಗಿರುತ್ತದೆ, ಒಣ ನೆಲದಲ್ಲಿ, ಅದೂ ಸುಣ್ಣದ ನೆಲದಲ್ಲಿ, ತುಕ್ಕಾಗಿ ಕೂತಿರುತ್ತದೆ. ಅದನ್ನು ಬಿಡಿಸಿಕೊಳ್ಳಲು ಹುಲ್ಲುಜಾತಿಯ ಬೆಳೆಗಳೆಲ್ಲ ಬೇರಿನಿಂದ ಒಂದು ರಸ ಬಿಡುತ್ತವೆ. ಅದು ಕಬ್ಬಿಣವನ್ನು ಹಿಡಿದು ಬೇರಿಗೆ ತಂದುಕೊಡುತ್ತದೆ. ಬಾರ್ಲಿ ಇದನ್ನು ಧಾರಾಳವಾಗಿ ಬಿಡುತ್ತದೆ, ಭತ್ತ ಬಿಡುವುದು ತೀರ ಕಡಿಮೆ. ಕೆಸರಿನ ಬೆಳೆಯಾದ್ದರಿಂದ ಕರಗಿದ ಕಬ್ಬಿಣವನ್ನು ನೇರವಾಗಿ ಹೀರುವ ದಾರಿಯೂ ಅದಕ್ಕಿದೆ. ಒಣ ಹೊಲದಲ್ಲಿ ಆ ದಾರಿ ಕೆಲಸಕ್ಕೆ ಬರುವುದಿಲ್ಲ. ನೀರು ನಿಲ್ಲಿಸಲು ಸಾಧ್ಯವಿದ್ದರೆ ಅದೇ ಔಷಧಿ. ಇಲ್ಲದಿದ್ದರೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಸೇರಿಸಿ ಸಂಜೆ ಹೊತ್ತು, ವಾರಕ್ಕೊಮ್ಮೆಯಂತೆ ಎರಡು ಮೂರು ಸಲ ಸಿಂಪಡಿಸಿ. ನೆಲಕ್ಕೆ ಚೆಲ್ಲಿದ ಫೆರಸ್ ಸಲ್ಫೇಟ್ ಸುಣ್ಣದ ಮಣ್ಣಿನಲ್ಲಿ ಬೇಗನೆ ತುಕ್ಕಾಗಿಬಿಡುತ್ತದೆ, ಬೇರಿಗೆ ದಕ್ಕುವುದು ಅಲ್ಪ.

ಬೇರಿನ ತುದಿಯಲ್ಲಿ ಗಂಟು

ತುದಿ ಮೀನಿನ ಗಾಳದಂತೆ ಕೊಕ್ಕೆಯಾಗಿ ಬಾಗಿ ಉಬ್ಬಿದ್ದರೆ ಅದು ಬೇರುಗಂಟು ಜಂತುಹುಳು. ಮಡಿಯಲ್ಲಿ ಅಲ್ಲಲ್ಲಿ ಗುಂಡಗೆ ಹಳದಿ ತೇಪೆ, ಗಿಡ ಗಿಡ್ಡ, ಮಧ್ಯಾಹ್ನ ಬಾಡುತ್ತದೆ. ಒಣಬಿತ್ತನೆಯಲ್ಲಿ ಮತ್ತು ಮೆತ್ತನೆಯ ಮರಳು ಮಣ್ಣಿನ ಸಸಿಮಡಿಯಲ್ಲಿ ಹೆಚ್ಚು. ನೀರು ನಿಂತ ನೆಲದಲ್ಲಿ ಮರಿಗಳು ಹೊಸ ಬೇರಿಗೆ ನುಗ್ಗಲಾರವು, ಆದರೆ ಆಗಲೇ ಒಳಗೆ ಸೇರಿದವು ಬದುಕಿಕೊಳ್ಳುತ್ತವೆ. ಹಾಗಾಗಿ ಸೋಂಕಿದ ಸಸಿ ತಂದು ಕೆಸರಿನಲ್ಲಿ ನೆಟ್ಟರೂ ತೊಂದರೆ ಉಳಿಯುತ್ತದೆ. ಸಸಿಮಡಿಯಿಂದ ಕೀಳುವಾಗಲೇ ಹತ್ತು ಸಸಿಯ ಬೇರು ತೊಳೆದು ನೋಡುವ ರೂಢಿ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಸಸಿಮಡಿಯ ಜಾಗವನ್ನು ತೇವ ಮಾಡಿ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕರಿಂದ ಆರು ವಾರ ಬಿಟ್ಟರೆ ಬಹುಪಾಲು ಸಾಯುತ್ತವೆ.

ಎಲ್ಲ ಉಬ್ಬು ಜಂತುಹುಳುವಲ್ಲ. ಪೆಂಡಿಮೆಥಾಲಿನ್ ಕಳೆನಾಶಕ ಹೆಚ್ಚಾದರೆ, ಅಥವಾ ಬೀಜ ಮೇಲೆ ಬಿದ್ದಿದ್ದರೆ, ಬೇರಿನ ತುದಿ ಗದೆಯಂತೆ ಮೊಂಡಾಗುತ್ತದೆ. ಕೋಶ ಒಡೆದು ಎರಡಾಗುವುದನ್ನೇ ಆ ಔಷಧಿ ತಡೆಯುತ್ತದೆ. ಗುರುತು ಸುಲಭ: ಕಳೆನಾಶಕದ ಹಾನಿ ಸಿಂಪಡಣೆಯ ಪಟ್ಟಿ ಪಟ್ಟಿಯಾಗಿ ಸಾಲು ಹಿಡಿದು ಬರುತ್ತದೆ, ತುದಿ ಕೊಕ್ಕೆಯಾಗುವುದಿಲ್ಲ. ಹೊಸ ಗೆಣ್ಣುಬೇರು ಬಂದಂತೆ ಬಹುತೇಕ ತಾನೇ ಸರಿಹೋಗುತ್ತದೆ.

ಬೇರು ತುಂಡಾಗಿ, ಕಚ್ಚಿದ ಗುರುತಿದ್ದರೆ ಬುಡದ ಮಣ್ಣು ಒಂದು ಗೇಣು ಅಗೆಯಿರಿ. ಇಂಗ್ಲಿಷಿನ ಸಿ ಅಕ್ಷರದಂತೆ ಮುದುಡಿದ ಬಿಳಿ ಹುಳು ಸಿಕ್ಕರೆ ಗೊಣ್ಣೆ ಹುಳು. ಮಣ್ಣಿನ ಸುರಂಗ, ಸಣ್ಣ ಬಿಳಿ ಹುಳು ಕಂಡರೆ ಗೆದ್ದಲು. ಎರಡೂ ಒಣ ಹೊಲದ ಕಾಟ.

ಎರಡು ಬಿಸಿಲಿಗೇ ಬಾಡುತ್ತದೆ, ಬೇರು ಮೇಲೆಯೇ ಹರಡಿದೆ

ಇದರಲ್ಲೇ ನಮ್ಮವರು ಹೆಚ್ಚು ಎಡವುತ್ತಾರೆ, ಯಾಕೆಂದರೆ ತಪ್ಪು ನೆಲದ್ದೂ ಇರಬಹುದು, ಬೀಜದ್ದೂ ಇರಬಹುದು.

ನೆಲದ ಪರೀಕ್ಷೆ ಮೊದಲು. ಮಳೆ ಬಿದ್ದು ಹದವಾದ ನೆಲಕ್ಕೆ ಬೆರಳು ದಪ್ಪದ ಕಬ್ಬಿಣದ ಸಲಾಕೆ ಒತ್ತಿ. 15ರಿಂದ 20 ಸೆಂಟಿಮೀಟರ್ ಆಳದಲ್ಲಿ ತಟ್ಟನೆ ತಡೆದು, ಅದನ್ನು ದಾಟಿದ ಮೇಲೆ ಮತ್ತೆ ಸಲೀಸಾಗಿ ಇಳಿದರೆ ಅಲ್ಲಿ ಗಟ್ಟಿ ಪದರವಿದೆ. ವರ್ಷ ವರ್ಷ ಅದೇ ಆಳಕ್ಕೆ ನೇಗಿಲು ಹೊಡೆದು, ಟ್ರ್ಯಾಕ್ಟರಿನಿಂದ ಕೆಸರು ತುಳಿಸಿದ್ದರ ಫಲ ಅದು. ನಾಟಿ ಗದ್ದೆಗೆ ಈ ಪದರ ನೀರು ಹಿಡಿಯಲು ಬೇಕು, ಅದನ್ನು ಒಡೆಯಬೇಡಿ. ಕೂರಿಗೆ ಭತ್ತದ ಮಸಾರಿ ಹೊಲದಲ್ಲಿ ಮಾತ್ರ ಅದು ಶತ್ರು. ಅಲ್ಲಿ ಬೇಸಿಗೆಯಲ್ಲಿ ಆಳ ಉಳುಮೆ ಮಾಡಿಸಿ. ಗುಂಡಿ ತೆಗೆದು ನೋಡಿದಾಗ ಬೇರು ಕೆಳಗಿಳಿದು ಆ ಪದರಕ್ಕೆ ತಾಗಿ ಅಡ್ಡ ತಿರುಗಿದ್ದರೆ ತಪ್ಪು ನೆಲದ್ದು.

ಬೇರು ಮೊದಲಿನಿಂದಲೇ, ಬುಡ ಬಿಟ್ಟ ಕೂಡಲೇ ಅಡ್ಡಡ್ಡ ಹೋಗಿದ್ದರೆ? ಆಗ ತಳಿಯನ್ನು ಕೇಳಬೇಕು.

ಬೇರು ಎಷ್ಟು ಓರೆಯಾಗಿ ಇಳಿಯಬೇಕು ಎಂಬುದು ಭತ್ತದ 12 ವರ್ಣತಂತುಗಳಲ್ಲಿ ಅಲ್ಲಲ್ಲಿ ಬರೆದಿದೆ. ಅದರಲ್ಲಿ ಒಂದನ್ನು ಚೆನ್ನಾಗಿ ಓದಲಾಗಿದೆ. ಫಿಲಿಪ್ಪೀನ್ಸಿನ ಗುಡ್ಡದ ಒಣಭತ್ತ ಕಿನಾಂದಂಗ್ ಪಟೋಂಗ್‌ಗೆ ಬೇರು ನೆಟ್ಟಗೆ ಕೆಳಗಿಳಿಯುತ್ತದೆ. ನಮ್ಮ ದೇಶದಲ್ಲೂ ಬಹಳ ಹೆಸರು ಮಾಡಿದ ಐಆರ್-64ಕ್ಕೆ ಅಡ್ಡ ಹರಡುತ್ತದೆ. ಎರಡನ್ನೂ ಕೂಡಿಸಿ, ಜಪಾನಿನ ಯುಸಾಕು ಉಗಾ ಮತ್ತು ಸಂಗಡಿಗರು 9ನೆಯ ವರ್ಣತಂತುವಿನ ಮೇಲೆ ಡಿಆರ್‌ಒ1 ಎಂಬ ವಂಶವಾಹಿಯನ್ನು ಹಿಡಿದು 2013ರಲ್ಲಿ ಪ್ರಕಟಿಸಿದರು. ಐಆರ್-64ರಲ್ಲಿ ಆ ವಂಶವಾಹಿಯ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಅಷ್ಟಕ್ಕೇ ಅದರ ಪ್ರೋಟೀನ್ ಅರ್ಧಕ್ಕೆ ನಿಂತು ಮೊಟಕಾಗುತ್ತದೆ. ಪೂರ್ಣ ರೂಪವನ್ನು ಐಆರ್-64ಕ್ಕೆ ತಂದು ಸೇರಿಸಿದಾಗ ಬೇರು ಕೆಳಗೆ ತಿರುಗಿತು, ಬರದಲ್ಲಿ ಇಳುವರಿ ಉಳಿಯಿತು. ಬೇರಿನ ತುದಿ ಭೂಮಿಯ ಸೆಳೆತವನ್ನು ಅರಿತು ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡ ಬೆಳೆದು ಬಾಗುತ್ತದೆ. ಡಿಆರ್‌ಒ1 ಆ ಬಾಗನ್ನು ಬಿಗಿಮಾಡುತ್ತದೆ. ಬೇರಿನ ಸಂಖ್ಯೆ ಅದೇ, ದಿಕ್ಕು ಮಾತ್ರ ಬೇರೆ.

ನಿಮ್ಮ ಮನೆಯ ತಳಿ ಯಾವ ಬಗೆ ಎಂದು ನೋಡಲು ಲ್ಯಾಬ್ ಬೇಕಿಲ್ಲ. ವಿಜ್ಞಾನಿಗಳು ಮಾಡಿದ್ದೂ ಜಾಳಿಗೆ ಬುಟ್ಟಿಯಲ್ಲೇ. ಅರ್ಧಗೋಳದ ಆಕಾರದ ದೊಡ್ಡ ಪ್ಲಾಸ್ಟಿಕ್ ಜರಡಿ ಬುಟ್ಟಿಗೆ ಮಣ್ಣು ತುಂಬಿ, ಅದನ್ನೇ ದೊಡ್ಡ ಕುಂಡದ ಮಣ್ಣಿನಲ್ಲಿ ಹುಗಿದು, ನಟ್ಟನಡುವೆ ಒಂದು ಬೀಜ ಬಿತ್ತಿ. ಐದಾರು ವಾರ ಬಿಟ್ಟು ಬುಟ್ಟಿ ಎತ್ತಿ ತೊಳೆಯಿರಿ. ತೂತಿನಿಂದ ಹೊರಬಂದ ಬೇರುಗಳಲ್ಲಿ ಬುಟ್ಟಿಯ ತಳಭಾಗದಿಂದ ಎಷ್ಟು, ಪಕ್ಕದಿಂದ ಎಷ್ಟು ಎಂದು ಎಣಿಸಿ. ಇಂದ್ರಾಯಣಿ, ಅಭಿಲಾಷ, ಇಂಟಾನ್, ಮನೆಯಲ್ಲಿ ಉಳಿಸಿಕೊಂಡ ಹಳೆಯ ಬೀಜ, ಯಾವುದಿದ್ದರೂ ಪ್ರತಿ ತಳಿಗೆ ನಾಲ್ಕು ಬುಟ್ಟಿ ಇಟ್ಟು ಹೋಲಿಸಿ. ಮಕ್ಕಳನ್ನು ಎಣಿಸಲು ಕೂರಿಸಿ, ಅವರಿಗೂ ಪಾಠ.

ಆಳದ ಬೇರೇ ಎಲ್ಲ ಕಡೆ ಮೇಲು ಎನ್ನುವಂತಿಲ್ಲ. ಡಿಆರ್‌ಒ1ರ ಸೋದರನಂಥ ಕ್ಯೂಎಸ್‌ಒಆರ್1 ಎಂಬ ಇನ್ನೊಂದು ವಂಶವಾಹಿಯನ್ನು 2020ರಲ್ಲಿ ವಿವರಿಸಿದರು. ಅದು ಕೆಟ್ಟ ರೂಪದಲ್ಲಿರುವ ಇಂಡೋನೇಷ್ಯಾದ ತಳಿಗೆ ಬೇರು ನೆಲದ ಮೇಲ್ಪದರದಲ್ಲೇ ಹರಡುತ್ತದೆ. ಗಾಳಿಯಿಲ್ಲದ ಉಪ್ಪುನೆಲದ ಗದ್ದೆಯಲ್ಲಿ ಅಂಥ ಬೇರಿಗೇ ಅನುಕೂಲವಾಯಿತು. ಕೂರಿಗೆ ಹೊಲಕ್ಕೆ ಇಳಿಯುವ ಬೇರು, ಜೌಗು ಮಡಿಗೆ ಹರಡುವ ಬೇರು ಎಂದು ನಾನು ಬೀಜ ಬೇರೆ ಬೇರೆ ಇಡುವುದು ಇದೇ ಲೆಕ್ಕದಿಂದ.

ತೆಂಡೆ ಒಡೆಯುತ್ತಿಲ್ಲ, ಎಲೆ ಗಾಢ ಹಸಿರು, ಬೇರು ಕೆಲವೇ

ರಂಜಕದ ಕೊರತೆ. ಜಂಬಿಟ್ಟಿಗೆ ಮಣ್ಣು ರಂಜಕವನ್ನು ಕಬ್ಬಿಣದ ಜತೆ ಬಿಗಿದಿಡುತ್ತದೆ. ಮಣ್ಣು ಪರೀಕ್ಷೆ ಚೀಟಿಯಲ್ಲಿ ರಂಜಕ ಕಡಿಮೆ ಎಂದಿದ್ದರೆ ಬಿತ್ತುವಾಗಲೇ ಬೀಜದ ಸಾಲಿನ ಪಕ್ಕ ಕೊಡಬೇಕು, ತಡವಾಗಿ ಮೇಲೆ ಚೆಲ್ಲಿದ್ದು ಬೇರಿನವರೆಗೆ ಹೋಗುವುದಿಲ್ಲ. ಇಲ್ಲಿಯೂ ಬೀಜದ ಪಾತ್ರವಿದೆ. ಕಸಲತ್ ಎಂಬ ಹಳೆಯ ತಳಿಯ 12ನೆಯ ವರ್ಣತಂತುವಿನಲ್ಲಿ ಪಿಎಸ್‌ಟಿಒಎಲ್1 ಎಂಬ ವಂಶವಾಹಿ ಇದೆ ಎಂದು 2012ರಲ್ಲಿ ತೋರಿಸಿದರು. ಎಳೆಯದರಲ್ಲೇ ಬೇರಿನ ಬೆಳವಣಿಗೆ ಹೆಚ್ಚಿಸಿ, ಬಡ ಮಣ್ಣಿನಿಂದಲೂ ರಂಜಕ ಎತ್ತುವಂತೆ ಅದು ಮಾಡುತ್ತದೆ. ಗೊಬ್ಬರ ಹಾಕಿದ ಹೊಲದಲ್ಲಿ ಆರಿಸಿದ ಅನೇಕ ಹೊಸ ತಳಿಗಳಲ್ಲಿ ಅದು ಇಲ್ಲವೇ ಇಲ್ಲ. ಬಡ ಹೊಲದಲ್ಲೂ ಬದುಕಿ ಬಂದ ಅಜ್ಜನ ಕಾಲದ ಬೀಜವನ್ನು ಎಸೆಯಬೇಡಿ ಎಂದು ನಾನು ಕೈಮುಗಿದು ಕೇಳುವುದು ಇದಕ್ಕೇ.

ಸಸಿ ಉಳಿದವಕ್ಕಿಂತ ಉದ್ದ, ತೆಳು, ಬಿಳಚು

ಕಾಂಡದ ಮೇಲಿನ ಗೆಣ್ಣುಗಳಲ್ಲಿ ನೆಲಕ್ಕೆ ತಾಗದ ಬೇರು ಬಂದಿದ್ದರೆ ಇದು ಬಕಾನೆ ಎಂಬ ಶಿಲೀಂಧ್ರ ರೋಗ. ಶಿಲೀಂಧ್ರವೇ ಬೆಳವಣಿಗೆಯ ರಸ ತಯಾರಿಸಿ ಗಿಡವನ್ನು ಎಳೆದು ಉದ್ದ ಮಾಡುತ್ತದೆ. ಜಪಾನಿನ ಕುರೊಸಾವಾ 1926ರಲ್ಲಿ ಇದನ್ನು ತೋರಿಸಿದ್ದರಿಂದಲೇ ಜಿಬ್ಬರೆಲಿನ್ ಜಗತ್ತಿಗೆ ಗೊತ್ತಾಯಿತು. ಅಂಥ ಸಸಿಯನ್ನು ಕಿತ್ತು ಸುಟ್ಟುಬಿಡಿ, ನಾಟಿಗೆ ಬಳಸಬೇಡಿ. ಆ ಮಡಿಯ ಬೀಜ ಮುಂದಿನ ವರ್ಷಕ್ಕೆ ಬೇಡ. ಬೀಜೋಪಚಾರವೇ ಇದಕ್ಕೆ ಮದ್ದು.

ನೆಲದ ಮೇಲೆ ಬಿಳಿ ಉಪ್ಪು

ಅಥಣಿ, ಜಮಖಂಡಿ, ಮುಧೋಳ ಕಡೆ ಕಬ್ಬಿಗೆ ನೀರುಣಿಸಿ ಸವಳು-ಜವಳಾದ ನೆಲದಲ್ಲಿ ಭತ್ತ ಹಾಕಿ ನೋಡುವವರು ಇದ್ದಾರೆ. ಬೇರು ಗಿಡ್ಡ, ತುದಿ ಕಂದು, ಎಲೆ ತುದಿ ಬಿಳಿಯಾಗಿ ಒಣಗುತ್ತದೆ. ಕಣ್ಣಳತೆ ಬೇಡ, ಮಣ್ಣು ಪರೀಕ್ಷೆಯೇ ಆಗಬೇಕು. ಸವಳಿಗೆ ಸಿಹಿ ನೀರಿನಿಂದ ತೊಳೆದು ಬಸಿಗಾಲುವೆಗೆ ಹರಿಸುವುದು, ಕ್ಷಾರಕ್ಕೆ ಜಿಪ್ಸಂ. ಬಸಿಯಲು ದಾರಿ ಮಾಡದೆ ಜಿಪ್ಸಂ ಚೆಲ್ಲಿದರೆ ಉಪಯೋಗವಿಲ್ಲ.

ಬೇರು ಚೆನ್ನಾಗಿದೆ, ಗಿಡ ಒಣಗುತ್ತಿದೆ

ಹಾಗಾದರೆ ಬೇರು ಬಿಟ್ಟು ಮೇಲೆ ಬನ್ನಿ. ಸುಳಿ ಜಗ್ಗಿದರೆ ಸಲೀಸಾಗಿ ಕೈಗೆ ಬಂದರೆ ಕಾಂಡಕೊರಕ. ಬುಡದಲ್ಲಿ ನೀರಿನ ಮಟ್ಟದ ಮೇಲೆ ಕಂದು ಹುಳು ಗುಂಪಾಗಿದ್ದರೆ ಜಿಗಿಹುಳು.

ಎಲ್ಲಿ ನಿಲ್ಲಿಸಿ ಕೇಳಬೇಕು

ನೀರು ಹೊರಬಿಟ್ಟು ಹತ್ತು-ಹನ್ನೆರಡು ದಿನವಾದರೂ ಬಿಳಿ ಬೇರು ಬಾರದಿದ್ದರೆ, ತೇಪೆ ವಾರ ವಾರ ದೊಡ್ಡದಾಗುತ್ತಿದ್ದರೆ, ಕೊಕ್ಕೆ ಗಂಟು ಕಂಡರೆ, ಹೊಡೆ ಕಟ್ಟುವ ಹಂತ ಹತ್ತಿರವಿದ್ದರೆ ಮನೆಮದ್ದು ಸಾಕು ಮಾಡಿ. ಅಂಗಡಿಯಲ್ಲಿ ಕೊಟ್ಟ ಹರಳು ಔಷಧಿಯನ್ನು ಕಾರಣ ತಿಳಿಯದೆ ಚೆಲ್ಲಬೇಡಿ. ಸಿಂಪಡಿಸಿದವರಿಗೆ ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣಿನ ಪಾಪೆ ಚಿಕ್ಕದಾಗುವುದು, ಉಸಿರಿನ ತೊಂದರೆ ಕಂಡರೆ ಬಟ್ಟೆ ತೆಗೆದು, ಸೋಪಿನಿಂದ ಮೈ ತೊಳೆದು, ಔಷಧಿಯ ಡಬ್ಬಿ ಸಮೇತ ಆಸ್ಪತ್ರೆಗೆ ಒಯ್ಯಿರಿ, 108ಕ್ಕೆ ಫೋನ್ ಮಾಡಿ. ವಾಂತಿ ಮಾಡಿಸಲು ಹೋಗಬೇಡಿ.

ಕೇಳುವ ಜಾಗ: ಹೋಬಳಿಯ ರೈತ ಸಂಪರ್ಕ ಕೇಂದ್ರ, ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಅದರದೇ ಮುಗದದ ಭತ್ತದ ಸಂಶೋಧನಾ ಕೇಂದ್ರ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು.

ಹೋಗುವಾಗ ಒಂದು ಒಣಗಿದ ಎಲೆ ಹಿಡಿದು ಹೋಗಬೇಡಿ. ಚೆನ್ನಾಗಿರುವುದು, ಕೆಟ್ಟದ್ದು, ಅಂಚಿನದು, ಮೂರೂ ಬುಡಗಳನ್ನು ಮಣ್ಣಿನ ಹೆಂಟೆ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಬಿಸಿಲಿಗೆ ತಾಗದಂತೆ ಅದೇ ದಿನ ಮುಟ್ಟಿಸಿ. ಬೇರು ಒಣಗಿದರೆ ಜಂತುಹುಳು ಸಿಗುವುದಿಲ್ಲ. ಚೀಲದೊಳಗೆ ಪೆನ್ಸಿಲಿನಿಂದ ಬರೆದ ಚೀಟಿ ಇಡಿ, ಪೆನ್ನಿನ ಶಾಯಿ ತೇವಕ್ಕೆ ಅಳಿಸುತ್ತದೆ: ತಳಿ, ಬಿತ್ತಿದ ಅಥವಾ ನೆಟ್ಟ ದಿನ, ಹಾಕಿದ ಗೊಬ್ಬರ ಮತ್ತು ಔಷಧಿ, ನೀರು ನಿಂತ ದಿನಗಳು, ಮತ್ತು ಎತ್ತಿದ ಕೂಡಲೇ ಬೇರಿನ ವಾಸನೆ ಹೇಗಿತ್ತು ಎಂಬುದು.